ದಿನಕ್ಕೊಂದು ಫೋಟೊ, ಯಾರ ಪಟ್ಟಿ?

2017ರ ಕೊನೆಯಲ್ಲಿ ಒಂದು ಸವಾಲು ಫೋನಿನಿಂದ ಫೋನಿಗೆ ಹರಿದಾಡಿತು. ಏಳು ದಿನ, ದಿನಕ್ಕೊಂದು ಕಪ್ಪು-ಬಿಳುಪು ಫೋಟೊ ಹಾಕಬೇಕು. ಅದರಲ್ಲಿ ಮನುಷ್ಯರಿರಬಾರದು, ವಿವರಣೆಯೂ ಕೂಡದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ನಿಯಮ ಪಾಲಿಸುವುದು ಎಂಥ ಕಷ್ಟ ಎಂದು ಅದನ್ನು ಹುಟ್ಟುಹಾಕಿದವರಿಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಬರಿಗೋಡೆಯತ್ತ ಫೋನ್ ಎತ್ತಿದರೂ ಯಾರಾದರೊಬ್ಬರು ಬಂದು ನಿಲ್ಲುತ್ತಾರೆ. ಸರಿಯಿರಿ ಎಂದರೆ, “ತಮ್ಮಾ, ನಮ್ಮನ್ನ ಬಿಟ್ಟು ಬರೀ ಗ್ವಾಡಿ ಫೋಟೊ ಯಾಕ ಹೊಡಿಲತ್ತಿ?” ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತ ಅಜ್ಜಿ ಕೇಳುವ ಈ ಪ್ರಶ್ನೆಗೆ ಸವಾಲಿನ ನಿಯಮದಲ್ಲಿ ಉತ್ತರವಿಲ್ಲ.

ಇಂಥ ಸವಾಲುಗಳಲ್ಲಿ ದಿನಕ್ಕೊಂದು ವಿಷಯ ಕೊಟ್ಟು ಫೋಟೊ ತೆಗೆಸುವ ರೂಢಿ ಇನ್ನೂ ಹಳೆಯದು. 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ಶಾಂಟೆಲ್ ಎಲ್ಲೆಮ್ ತಿಂಗಳಿಗೊಂದು ಪಟ್ಟಿ ಕೊಡಲು ಆರಂಭಿಸಿದರು. 2020ರ ಲಾಕ್‌ಡೌನ್ ಅದಕ್ಕೆ ಹೊಸ ಜೀವ ಕೊಟ್ಟಿತು. ಮನೆಬಿಟ್ಟು ಹೋಗುವಂತಿಲ್ಲ, ಕೈಯಲ್ಲಿ ಫೋನಿದೆ, ಹೊತ್ತು ಹೋಗಬೇಕು. ಅಂದಿನಿಂದ ನಮ್ಮ ಕಡೆಯ ಹುಡುಗ ಹುಡುಗಿಯರೂ ಕಿಟಕಿ, ನೆರಳು, ಕಾಫಿ, ಹಳದಿ ಎಂದು ಬಂದ ಪಟ್ಟಿ ಹಿಡಿದು ಫೋಟೊ ತೆಗೆಯುತ್ತಿದ್ದಾರೆ. ಕಾಫಿಯ ದಿನ ಸ್ಟೀಲ್ ಲೋಟದ ಚಹಾ ತೆಗೆದು ಕೆಲಸ ಮುಗಿಸುತ್ತಾರೆ, ಅದೇನೂ ದೊಡ್ಡ ಅಪರಾಧವಲ್ಲ.

ಈ ಅಭ್ಯಾಸದಿಂದ ಆಗುವ ಲಾಭವನ್ನು ಮೊದಲು ಒಪ್ಪಿಕೊಳ್ಳಬೇಕು. ಮನೆಯ ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದನ್ನು ಇದು ಕಲಿಸುತ್ತದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಅಡುಗೆಮನೆ ನೋಡಿ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಜೋಳದ ಹಿಟ್ಟಿನ ಧೂಳಿನಲ್ಲಿ ಕೋಲಾಗಿ ನಿಲ್ಲುತ್ತದೆ. ಬಡಿಯುವ ಕೈ ಅದರೊಳಗೆ ಬರುವುದು ಕ್ಷಣಮಾತ್ರ. ಕೊಣಮಿಗಿಯಲ್ಲಿ ರೊಟ್ಟಿ ತಿರುಗುತ್ತಾ ಅಗಲವಾದಂತೆ ಕೈ ಮತ್ತೆ ಕತ್ತಲಿಗೆ ಸರಿಯುತ್ತದೆ. ಇಪ್ಪತ್ತು ವರ್ಷ ಆ ಮನೆಯಲ್ಲೇ ಉಂಡವರು ಇದನ್ನು ನೋಡಿರುವುದಿಲ್ಲ. ‘ಕೈ’ ಎಂಬ ವಿಷಯ ಬಂದ ದಿನ ನೋಡುತ್ತಾರೆ.

ಇನ್ನೊಂದು ಪಾಠ ಹೊಲದಲ್ಲಿ ಸಿಗುತ್ತದೆ. ಕ್ಯಾಮೆರಾ, ಅದು ಫೋನಿನದಿರಲಿ ದೊಡ್ಡದಿರಲಿ, ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಎರೆಮಣ್ಣಿದ್ದರೆ ಕತ್ತಲಾಯಿತೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಆಗ ಹರಗಿದ ಕರಿಹೊಲ ಒಲೆಯ ಬೂದಿಯಂತಾಗಿ, ಮೇಲಿನ ಆಕಾಶ ಬಣ್ಣ ಕಳೆದುಕೊಳ್ಳುತ್ತದೆ. ಬಿಳಿಜೋಳದ ತೆನೆ ತುಂಬಿದ ಹೊಲವೋ ಕಾಕಾನ ಧೋತರವೋ ಎದುರಿಗೆ ಬಂದರೆ ಇದರ ತದ್ವಿರುದ್ಧ, ಬಿಳಿ ಮಂಕಾಗುತ್ತದೆ. ಪರದೆ ಒತ್ತಿ ಹಿಡಿದು ಸೂರ್ಯನ ಗುರುತನ್ನು ಕೆಳಗೆಳೆದರೆ ಮಣ್ಣು ಮತ್ತೆ ಕಪ್ಪಾಗುತ್ತದೆ, ಬಿಳುಪಿಗೆ ಮೇಲೆಳೆಯಬೇಕು. ಇದನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ. ಒಂದೇ ಹೊಲಕ್ಕೆ ಮತ್ತೆ ಮತ್ತೆ ಹೋದವರಿಗೆ ತಾನಾಗಿ ತಿಳಿಯುತ್ತದೆ.

ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಪಟ್ಟಿ ನಮ್ಮನ್ನು ಹೊಲಕ್ಕೆ ಕಳಿಸುವುದು ಒಂದು ದಿನದ ಮಟ್ಟಿಗೆ. ಮರುದಿನ ‘ಬಾಗಿಲು’, ಅದರ ಮರುದಿನ ‘ವೃತ್ತ’. ಹೀಗಾಗಿ ನೋಡಿದ್ದು ಮುಂದುವರಿಯುವುದಿಲ್ಲ. ಪದಕ್ಕೆ ಹೊಂದುವ ವಸ್ತು ಸಿಕ್ಕಿತೋ, ಫೋಟೊ ಆಯಿತು. ಅದು ಪಠ್ಯಪುಸ್ತಕದ ಚಿತ್ರದ ಮಟ್ಟದಲ್ಲೇ ನಿಲ್ಲುತ್ತದೆ.

‘ಹಳದಿ’ಯನ್ನೇ ತೆಗೆದುಕೊಳ್ಳೋಣ. ಅಕ್ಟೋಬರ್ ಕಳೆದು ನವೆಂಬರ್ ಬರುವಾಗ ಮೂರೂ ತಾಲ್ಲೂಕಿನಲ್ಲಿ ತೊಗರಿ ಹೂಬಿಟ್ಟಿರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಆ ದಿನ ಎಲ್ಲರೂ ತೊಗರಿ ಹೂವನ್ನೇ ತೆಗೆಯುತ್ತಾರೆ, ಚೆಂದವಾಗಿಯೂ ತೆಗೆಯುತ್ತಾರೆ. ಆದರೆ 2022ರ ಹಂಗಾಮಿನಲ್ಲಿ ನೆಟೆರೋಗ ಬಿದ್ದು ಜಿಲ್ಲೆಯ ಬಹಳಷ್ಟು ತೊಗರಿ ನಿಂತಲ್ಲೇ ಒಣಗಿತು. ನೆಟೆ ಬಿದ್ದ ಗಿಡದ ಎಲೆಯೂ ಮೊದಲು ಹಳದಿಗೇ ತಿರುಗುತ್ತದೆ. ಎರಡೂ ಹಳದಿಯೇ, ಪಟ್ಟಿಗೆ ಎರಡೂ ಒಂದೇ. ರೈತನಿಗೆ ಒಂದಲ್ಲ. ವಿವರಣೆ ಬೇಡ ಎಂಬ ನಿಯಮವೂ ಜೊತೆಗಿದ್ದರೆ ರೋಗದ ಎಲೆ ಬರೀ ಬಣ್ಣವಾಗಿ ಮೆಚ್ಚುಗೆ ಪಡೆಯುತ್ತದೆ. ಇಂಥ ಫೋಟೊದ ಕೆಳಗೆ ತಿಂಗಳು, ಊರು, ಗಿಡದ ಸ್ಥಿತಿ ಬರೆಯುವುದೇ ಸರಿ.

‘ಭಕ್ತಿ’ ಅಥವಾ ‘ಭಾವ’ ಎಂದು ಬಂದ ದಿನ ಇನ್ನೂ ಫಜೀತಿ. ಆವತ್ತು ಕ್ಯಾಮೆರಾಗಳೆಲ್ಲ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹಾದಿ ಹಿಡಿಯುತ್ತವೆ. ದತ್ತ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಇಲ್ಲಿ ಉಳ್ಳವರೂ ಮಾಧುಕರಿ ಬೇಡುತ್ತಾರೆ. ದೆವ್ವ ಹಿಡಿದಿದೆ ಎಂದು ಮನೆಯವರು ಕರೆತಂದ ಹೆಂಗಸರು ಆರತಿಯ ಹೊತ್ತಿಗೆ ಕಂಬ ಹಿಡಿದು ಕೂಗುತ್ತಾರೆ. ಆ ಮುಖಗಳ ಫೋಟೊಗಳನ್ನು ನಾನು ಬಹಳ ನೋಡಿದ್ದೇನೆ, ಒಂದೂ ತೆಗೆಯಬೇಕಿರಲಿಲ್ಲ. ಕೇಳಿದರೆ ಬೇಡ ಎನ್ನುವ ಸ್ಥಿತಿಯಲ್ಲೂ ಆಕೆ ಇರುವುದಿಲ್ಲ. ಸಂಜೆಯೊಳಗೆ ಹಾಕಬೇಕು ಎಂಬ ಅವಸರ ಇಂಥ ಕಡೆ ವಿವೇಕವನ್ನು ಬದಿಗೆ ತಳ್ಳುತ್ತದೆ. ಅದೇ ಊರಿನಲ್ಲಿ ಭೀಮೆಗೆ ಅಮರಜಾ ಸೇರುವ ಸಂಗಮವಿದೆ, ಔದುಂಬರದ ಕೆಳಗೆ ಗುರುಚರಿತ್ರೆ ಓದುತ್ತ ಕೂತವರಿದ್ದಾರೆ. ಹೇಳಿ ಕೇಳಿ ತೆಗೆದರೆ ಬೇಡವೆನ್ನದವರು.

ದಿನವೂ ತೆಗೆಯುವುದೇ ತಪ್ಪೆಂದಲ್ಲ. ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ಸಾಯುವವರೆಗೂ ದಿನಕ್ಕೊಂದು ಪೊಲರಾಯ್ಡ್ ತೆಗೆದ. ಆರು ಸಾವಿರ ಮೀರಿದ ಆ ರಾಶಿಯಲ್ಲಿ ಗೆಳೆಯರು, ಊಟ, ಕೊನೆಗೆ ಅವನದೇ ಕಾಯಿಲೆ ಎಲ್ಲವೂ ಇವೆ. ಇಂದಿನ ವಿಷಯವೇನು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪ್ರಾಗ್‌ನ ಯೋಸೆಫ್ ಸುಡೆಕ್ ಎರಡನೇ ಮಹಾಯುದ್ಧದ ಕಾಲದಲ್ಲಿ ಆರಂಭಿಸಿ ತನ್ನ ಸ್ಟುಡಿಯೊದ ಒಂದೇ ಕಿಟಕಿಯನ್ನು ವರ್ಷಗಟ್ಟಲೆ ತೆಗೆದ. ಅಷ್ಟು ದೂರ ಯಾಕೆ, ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತಲಿನ ಹಕ್ಕಿಗಳಿಗೆ ಕಾದು ಕೂತು ಫೋಟೊ ತೆಗೆದವರು. ಮೂವರೂ ಜಾಗವನ್ನೋ ದಿನಚರಿಯನ್ನೋ ಹಿಡಿದರು, ವಿಷಯ ಅದರಿಂದಲೇ ಹುಟ್ಟಿತು. ಈಗಿನ ಸವಾಲು ಇದನ್ನು ತಲೆಕೆಳಗು ಮಾಡಿದೆ.

ಪಟ್ಟಿಯಿಲ್ಲದೆ ಕೈ ಓಡುವುದಿಲ್ಲ ಎನ್ನುವವರಿಗೆ ಊರಿನಲ್ಲೇ ಒಂದು ಪಟ್ಟಿ ಇದೆ, ಮಳೆ ನಕ್ಷತ್ರಗಳದು. ಮಿರಗಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಅಷ್ಟು ದಿನವೂ ಒಂದೇ ಜಾಗಕ್ಕೆ ಹೋಗಲಿ. ಘತ್ತರಗಿಯ ಭೀಮಾ ದಂಡೆ ಆಗಬಹುದು, ಕೊರಳ್ಳಿಯ ಅಮರಜಾ ಅಣೆಕಟ್ಟೆ ಆಗಬಹುದು, ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆ ಆಗಬಹುದು. ಬೇಸಿಗೆಯಲ್ಲಿ ಕಲ್ಲು ಕಾಣುವ ಭೀಮೆ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ದಂಡೆಯೂರುಗಳಿಗೆ ನುಗ್ಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗೇ ಆಯಿತು. ಜೂನ್‌ನಿಂದ ದಂಡೆಯ ಅವೇ ಮೆಟ್ಟಿಲುಗಳನ್ನು ತೆಗೆಯುತ್ತ ಬಂದವನ ಬಳಿ ನೀರು ಎಷ್ಟು ಮೆಟ್ಟಿಲು ಏರಿತೆಂಬ ಲೆಕ್ಕ ಇರುತ್ತದೆ. ನೆರೆ ಬಂದ ದಿನ ಓಡಿಹೋಗಿ ತೆಗೆದವನ ಬಳಿ ಬರೀ ನೀರಿರುತ್ತದೆ.

ಈ ಪಟ್ಟಿಗೂ ಕೊರತೆ ಇದೆ. ಇದು ಒಕ್ಕಲುತನದ ಪಟ್ಟಿ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಬರುವ ಹೊರಊರಿನ ಹುಡುಗರು, ಮುಂಬೈ ಪುಣೆಗೆ ದುಡಿಯಲು ಹೋದವರ ಬೀಗ ಹಾಕಿದ ಮನೆ ಇದರೊಳಗೆ ಬರುವುದಿಲ್ಲ. ಸ್ವಾತಿ ಮುಗಿದ ಮೇಲೆ ಏನು ಎಂಬ ಪ್ರಶ್ನೆಯೂ ಉಳಿಯುತ್ತದೆ. ಎಳ್ಳಮಾವಾಸ್ಯೆಯ ಹೊಲದೂಟ, ಜೋಳದ ರಾಶಿ, ಏಪ್ರಿಲ್-ಮೇ ತಿಂಗಳ ಸುಡುಬಿಸಿಲು ಬೇರೆಯೇ ಪಟ್ಟಿ ಕೇಳುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ಫೋನ್ ತಾನೇ ಕಾದು ಕ್ಯಾಮೆರಾ ಬಂದ್ ಮಾಡಿಕೊಳ್ಳುವ ಆ ತಿಂಗಳುಗಳಲ್ಲಿ ದಿನಕ್ಕೊಂದು ಎಂಬ ಹಟ ಬಿಟ್ಟು, ಬೆಳಗಿನ ಜಾವ ಅಂಗಳದಲ್ಲಿ ಮಲಗಿ ಎದ್ದವರನ್ನು ವಾರಕ್ಕೊಮ್ಮೆ ಕೇಳಿ ತೆಗೆದರೂ ಸಾಕು. ತೆಗೆದದ್ದನ್ನು ಊರ ಜಾತ್ರೆ ಬರುವುದರೊಳಗೆ ಪ್ರಿಂಟ್ ಹಾಕಿಸಿ ಅವರವರ ಕೈಗೆ ಕೊಡಬೇಕು ಎಂಬ ನಿಯಮವನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಲಿ.