ಸೂರತ್ತಿನ ಒಂದು ಮನೆ ಮತ್ತು ಮೂಕಿಚಿತ್ರದ ಗುಜರಾತಿ ಪಂಥ

ಭಾರತದ ಮೊದಲ ಚಲನಚಿತ್ರ ನಿರ್ದೇಶಕಿ ಯಾರೆಂದು ಕೇಳಿದರೆ ರಸಪ್ರಶ್ನೆಗೆ ಓದಿಕೊಂಡ ಹುಡುಗರೂ ಈಗ ಫಾತ್ಮಾ ಬೇಗಂ ಎನ್ನುತ್ತಾರೆ. ಚಿತ್ರ ‘ಬುಲ್‌ಬುಲ್-ಎ-ಪರಿಸ್ತಾನ್’, ವರ್ಷ 1926. ಅಲ್ಲಿಗೆ ಮಾತು ಮುಗಿಯಿತು. ನನ್ನ ತಕರಾರು ಇರುವುದು ಹೀಗೆ ಮುಗಿಸಿಬಿಡುವುದರ ಬಗ್ಗೆಯೇ. ಮೊದಲಿಗಳು ಎಂಬ ಪಟ್ಟ ಕಟ್ಟಿದ ಕೂಡಲೇ ಆ ಹೆಣ್ಣನ್ನು ಅವಳ ಕಾಲದಿಂದ, ಕಸುಬಿನಿಂದ, ಮನೆಯಿಂದ ಕಿತ್ತು ಒಂಟಿಯಾಗಿ ನಿಲ್ಲಿಸಿದಂತಾಗುತ್ತದೆ. ಫಾತ್ಮಾ ಒಂಟಿಯಾಗಿರಲಿಲ್ಲ. ಜುಬೇದಾ, ಸುಲ್ತಾನಾ, ಶಹಜಾದಿ ಎಂಬ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಚಿತ್ರರಂಗಕ್ಕೆ ಬಂದ ತಾಯಿ ಆಕೆ. ಆ ಮನೆಯನ್ನು ಬಿಟ್ಟು ಮೂಕಿಯುಗದ ಗುಜರಾತಿ ಪಂಥವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಗುಜರಾತಿ ಪಂಥ ಎಂದು ನಾನು ಕರೆಯುತ್ತಿರುವುದು ಮುಂಬಯಿಯಲ್ಲಿ ಬೆಳೆದು ಗುಜರಾತಿಯಲ್ಲಿ ಯೋಚಿಸಿದ ಚಿತ್ರೋದ್ಯಮವನ್ನು. ದ್ವಾರಕಾದಾಸ್ ಸಂಪತ್ ಅವರ ಕೊಹಿನೂರ್ ಕಂಪನಿ, ಜಾಮನಗರದಲ್ಲಿ ಹುಟ್ಟಿದ ಚಂದೂಲಾಲ್ ಶಾ ಅವರ ರಂಜಿತ್, ನಿರ್ದೇಶಕರಾದ ಮಣಿಲಾಲ್ ಜೋಶಿ, ಕಾಂಜಿಭಾಯಿ ರಾಥೋಡ್, ನಾನುಭಾಯಿ ವಕೀಲ್: ಬಂಡವಾಳ, ಬರವಣಿಗೆ, ನಿರ್ದೇಶನ ಎಲ್ಲವೂ ಬಹುಮಟ್ಟಿಗೆ ಅಲ್ಲಿಯವರದೇ. ಪಾರ್ಸಿ ಅರ್ದೇಶಿರ್ ಇರಾನಿಯವರನ್ನೂ ಈ ಬಳಗದಿಂದ ಹೊರಗಿಡಲಾಗದು. ನಮ್ಮ ಬೆಂಗಳೂರಿನ ಮೂಕಿಚಿತ್ರಗಳಲ್ಲೂ ಈ ಪಂಥದ ಪಾಲಿದೆ. ಇಲ್ಲಿ ಸೂರ್ಯ ಫಿಲಂ ಕಂಪನಿಯನ್ನು ನಡೆಸಿದ ಹರಿಭಾಯಿ ದೇಸಾಯಿ ಇದೇ ಬಳಗದಿಂದ ಬಂದವರು.

ಈ ಪಂಥಕ್ಕೆ ಹೆಣ್ಣುಮಕ್ಕಳು ಬೇಕಾದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಗುಜರಾತಿ ರಂಗಭೂಮಿಯಲ್ಲಿದೆ. ವಿಸನಗರದ ಜಯಶಂಕರ ಭೋಜಕ್ 1901ರಲ್ಲಿ ‘ಸೌಭಾಗ್ಯ ಸುಂದರಿ’ ನಾಟಕದ ನಾಯಕಿಯಾಗಿ ಎಷ್ಟು ಜನಪ್ರಿಯರಾದರೆಂದರೆ ‘ಸುಂದರಿ’ ಎಂಬುದು ಬದುಕಿನುದ್ದಕ್ಕೂ ಅವರ ಹೆಸರಿಗೇ ಅಂಟಿಕೊಂಡಿತು. ಮುಂದೆ ಅಹಮದಾಬಾದಿನಲ್ಲಿ ‘ಮೇನಾ ಗುರ್ಜರಿ’ಯಂಥ ನಾಟಕ ಆಡಿಸಿ ಅವರು ಪದ್ಮಭೂಷಣರೂ ಆದರು. ನಮ್ಮ ವೃತ್ತಿ ಕಂಪನಿಗಳ ಸ್ತ್ರೀ ಪಾತ್ರಧಾರಿಗಳನ್ನು ಬಲ್ಲ ಕನ್ನಡಿಗರಿಗೆ ಈ ಕಲೆಯ ಎತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಲೆಗೆ ಕಂಠದ ಆಸರೆಯಿತ್ತು, ರಂಗಕ್ಕೂ ಪ್ರೇಕ್ಷಕನಿಗೂ ನಡುವಿನ ದೂರದ ಆಸರೆಯಿತ್ತು. ಮೂಕಿ ಕ್ಯಾಮೆರಾ ಎರಡನ್ನೂ ಕಸಿದುಕೊಂಡಿತು. ಫಾಲ್ಕೆಯವರ ‘ಲಂಕಾ ದಹನ’ದಲ್ಲಿ (1917) ಸಾಳುಂಕೆ ಎಂಬ ನಟ ರಾಮನೂ ಆದ, ಸೀತೆಯೂ ಆದ. ಜನ ಕೈಮುಗಿದರು, ನಿಜ. ಭಕ್ತಿಗೆ ಅಷ್ಟು ಸಾಕು. ಪ್ರಣಯ, ಮತ್ಸರ, ಸಂಸಾರದ ಒಳಗುದಿ ತೋರಿಸಲು ಹೊರಟ ಕೊಹಿನೂರ್‌ನಂಥ ಕಂಪನಿಗೆ ಅದು ಸಾಲದಾಯಿತು.

ಮರ್ಯಾದಸ್ಥರೆನಿಸಿಕೊಂಡ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಬಂದವರು ರಂಗದ, ಸಂಗೀತದ ಮನೆಗಳ ಹೆಂಗಸರು, ಆಂಗ್ಲೋ ಇಂಡಿಯನ್ನರು, ‘ಸುಲೋಚನಾ’ ಆದ ರೂಬಿ ಮೈಯರ್ಸ್‌ರಂಥ ಯಹೂದಿಯರು. ಇದನ್ನು ಬರೀ ಚಿತ್ರರಂಗದ ಕಥೆಯೆಂದು ಓದುವುದು ಸರಿಯಲ್ಲ. ವಡೋದರಾ ಅರಮನೆಯ ‘ಕಲಾವಂತ ಕಾರಖಾನೆ’ ಎಂಬ ಇಲಾಖೆ ಗಾಯಕ ಗಾಯಕಿಯರಿಗೆ, ತಂಜಾವೂರಿನ ರಾಜಕುಮಾರಿಯೊಡನೆ 1880ರಲ್ಲಿ ಬಂದ ನರ್ತಕಿಯರಿಗೆ ತಿಂಗಳ ಸಂಬಳ ಕೊಟ್ಟು ಸಾಕುತ್ತಿತ್ತು. ಆ ಆಸ್ಥಾನದ ಹಿರಿಯ ಸಂಗೀತಗಾರ ಮೌಲಾಬಕ್ಷರು ಮೊದಲು ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದಿದ್ದವರು. ಇದೇ ವಡೋದರಾದ ಕಲಾಭವನದಲ್ಲಿ ಫಾಲ್ಕೆ ಕಲಿತರು. ಇಲ್ಲಿನ ಅರಮನೆಗೇ ರವಿವರ್ಮ ಪುರಾಣದ ಹೆಣ್ಣುಗಳನ್ನು ಬರೆದುಕೊಟ್ಟರು. ಅಂದರೆ ಹೆಣ್ಣಿನ ರೂಪವನ್ನು ಚೌಕಟ್ಟಿನಲ್ಲಿಡುವ ಬಗೆಯೂ, ಕಲಾವಿದೆಗೆ ತಿಂಗಳ ಸಂಬಳ ಗೊತ್ತುಮಾಡುವ ಬಗೆಯೂ ಸಂಸ್ಥಾನದಲ್ಲಿ ಮೊದಲೇ ಬಳಕೆಯಲ್ಲಿದ್ದವು. ಸ್ಟುಡಿಯೋಗಳು ಮಾಡಿದ್ದು ಇವೆರಡನ್ನೂ ಒಂದೇ ಸೂರಿನಡಿ ತಂದದ್ದು. ಬದಲಾದದ್ದು ಯಜಮಾನ: ಅರಮನೆಯ ಜಾಗಕ್ಕೆ ಟಿಕೆಟ್ಟು ಕೊಳ್ಳುವ ಜನ ಬಂದರು.

ಈ ಬದಲಾವಣೆಯ ಅರ್ಥವನ್ನು ಎಲ್ಲರಿಗಿಂತ ಮೊದಲು ಹಿಡಿದವರು ಫಾತ್ಮಾ ಎಂದು ನನಗನಿಸುತ್ತದೆ. 1892ರಲ್ಲಿ ಹುಟ್ಟಿ ಉರ್ದು ರಂಗಭೂಮಿಯಲ್ಲಿ ಪಳಗಿದವರು. ಸೂರತ್ತಿನ ಪಕ್ಕದ ಸಚಿನ್ ಸಂಸ್ಥಾನದ ನವಾಬನೊಡನೆ ಅವರಿಗೆ ಸಂಬಂಧವಿತ್ತು, ಮಕ್ಕಳು ಅವನವರೇ ಎಂಬುದು ಪ್ರಚಲಿತ ವೃತ್ತಾಂತ. ಸಚಿನ್‌ನ ನವಾಬರು ಸಿದ್ದಿಗಳು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಂತೆಯೇ ಆಫ್ರಿಕಾ ಮೂಲದವರು, ಆದರೆ ಗದ್ದುಗೆ ಏರಿದವರು. ನವಾಬ ಆ ಮಕ್ಕಳನ್ನು ಬಹಿರಂಗವಾಗಿ ತನ್ನವರೆಂದು ಒಪ್ಪಿದ್ದಕ್ಕೆ ದಾಖಲೆಯಿಲ್ಲ. ಚಿತ್ರಪತ್ರಿಕೆಗಳು ‘ರಾಜಕುಮಾರಿಯರು’ ಎಂದು ಮೆರೆಸಿದ್ದು ಇಂಥ ಹುಡುಗಿಯರನ್ನು. ಅರಮನೆಯ ಆಸರೆ ಎಷ್ಟು ದಿನದ್ದೆಂದು ಆ ತಾಯಿಗೆ ಗೊತ್ತಿತ್ತು. 1922ರಲ್ಲಿ ‘ವೀರ ಅಭಿಮನ್ಯು’ ಚಿತ್ರದಲ್ಲಿ ತಾಯಿ, ಮಗಳು ಸುಲ್ತಾನಾ ಒಟ್ಟಿಗೆ ಬಣ್ಣ ಹಚ್ಚಿದರು. ತಾಯಿಗೆ ಆಗ ಮೂವತ್ತು ವರ್ಷ. 1911ರಲ್ಲಿ ಸೂರತ್ತಿನಲ್ಲಿ ಹುಟ್ಟಿದ ಜುಬೇದಾಗೆ ಹನ್ನೆರಡೂ ತುಂಬಿರಲಿಲ್ಲ, ಅವಳೂ ಅದೇ ಹೊತ್ತಿಗೆ ಚಿತ್ರಗಳಿಗೆ ಬಂದಳು.

ಈ ಮನೆಯವರು ನಟಿಸಿದ ಒಂದು ಚಿತ್ರ ಕನ್ನಡಿಗರನ್ನು ನೇರವಾಗಿ ಮುಟ್ಟುತ್ತದೆ. ಭರೂಚಿನಲ್ಲಿ ಹುಟ್ಟಿ ವಡೋದರಾದಲ್ಲಿ ಓದಿದ ಕೆ.ಎಂ. ಮುನ್ಶಿಯವರ ಕಾದಂಬರಿಯನ್ನು ಆಧರಿಸಿ ಮಣಿಲಾಲ್ ಜೋಶಿ 1924ರಲ್ಲಿ ‘ಪೃಥ್ವೀವಲ್ಲಭ’ ಮಾಡಿದರು. ಫಾತ್ಮಾ, ಸುಲ್ತಾನಾ, ಜುಬೇದಾ ಮೂವರೂ ಅದರಲ್ಲಿದ್ದರು. ಮಾಳವದ ಮುಂಜನನ್ನು ಸೆರೆಹಿಡಿದು ಕೊಲ್ಲಿಸುವ ಕ್ರೂರ ರಾಜ ತೈಲಪ ಅದರ ಖಳ. ಆ ತೈಲಪ ಬೇರಾರೂ ಅಲ್ಲ, ನಮ್ಮ ರನ್ನನಿಗೆ ‘ಕವಿಚಕ್ರವರ್ತಿ’ ಬಿರುದು ಕೊಟ್ಟ ಚಾಲುಕ್ಯ ದೊರೆ. ಕನ್ನಡದ ಅಭಿಮಾನ ಇಲ್ಲಿ ಸ್ವಲ್ಪ ಕೆರಳುವುದು ಸಹಜ, ನನಗೂ ಕೆರಳುತ್ತದೆ. ಆದರೆ ಕಥೆಯ ಜೀವ ಇರುವುದು ತೈಲಪನಲ್ಲಲ್ಲ, ಅವನ ಅಕ್ಕ ಮೃಣಾಲವತಿಯಲ್ಲಿ. ವೈರಾಗ್ಯವನ್ನೇ ಅಧಿಕಾರ ಮಾಡಿಕೊಂಡ ಹೆಣ್ಣು ಸೆರೆಯಾಳಿನ ಮುಂದೆ ಕರಗುತ್ತಾಳೆ. ಇಂಥ ಪಾತ್ರವನ್ನು ಮಾತಿಲ್ಲದೆ ಮುಖದಲ್ಲೇ ತೋರಿಸಬಲ್ಲ ನಟಿಯರು ಸಿಗುತ್ತಿದ್ದರು ಎಂಬುದೇ ಗುಜರಾತಿ ಪಂಥ ಪುರಾಣದಿಂದ ಸಾಹಿತ್ಯದತ್ತ ಹೊರಳಲು ಧೈರ್ಯ ಕೊಟ್ಟಿತು. ಈ ಹೊರಳಿಕೆಯ ಕೀರ್ತಿಯನ್ನು ನಾವು ನಿರ್ದೇಶಕರ ಖಾತೆಗಷ್ಟೇ ಬರೆಯುತ್ತ ಬಂದಿದ್ದೇವೆ.

1926ರಲ್ಲಿ ಫಾತ್ಮಾ ಸ್ವಂತ ಕಂಪನಿ ತೆರೆದರು. ಫಾತ್ಮಾ ಫಿಲಂಸ್ ಎಂಬ ಅದು 1928ರಲ್ಲಿ ವಿಕ್ಟೋರಿಯಾ-ಫಾತ್ಮಾ ಆಯಿತು. ‘ಬುಲ್‌ಬುಲ್-ಎ-ಪರಿಸ್ತಾನ್’ ಕಿನ್ನರಲೋಕದ ಕಥೆ, ಕ್ಯಾಮೆರಾ ಚಮತ್ಕಾರಗಳ ಚಿತ್ರ. ಆಮೇಲೆ ‘ಹೀರ್ ರಾಂಝಾ’, ‘ಚಂದ್ರಾವಳಿ’, ‘ಶಕುಂತಲಾ’. ಕಿನ್ನರಿಯರ ಕಥೆಯನ್ನೇ ಆರಿಸಿಕೊಂಡದ್ದನ್ನು ಕೆಲವರು ಹಗುರವಾಗಿ ಕಾಣುತ್ತಾರೆ, ಸಾಮಾಜಿಕ ಚಿತ್ರ ಮಾಡಲಿಲ್ಲವಲ್ಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪುರಾಣದ ಚಿತ್ರದಲ್ಲಿ ಹೆಣ್ಣಿಗೆ ಸತಿಯ ಜಾಗ, ಚರಿತ್ರೆಯಲ್ಲಿ ರಾಣಿಯ ಜಾಗ. ಕಿನ್ನರಲೋಕದಲ್ಲಿ ಮಾತ್ರ ಹೆಣ್ಣು ಬಯಸಬಹುದು, ಹಾರಬಹುದು, ಗಂಡಸನ್ನು ಹೊತ್ತೊಯ್ಯಬಹುದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಇನ್ನೊಂದು ದಾರಿಯೂ ಆಗಲೇ ತೆರೆದಿತ್ತು. ಚಂದೂಲಾಲ್ ಶಾ 1927ರಲ್ಲಿ ಕೊಹಿನೂರ್‌ಗೆ ಮಾಡಿದ ‘ಗುಣಸುಂದರಿ’ಯಲ್ಲಿ ಗೋಹರ್ ಮನೆಗೆಲಸದಲ್ಲಿ ಸವೆದ ಹೆಂಡತಿ. ಗಂಡ ನರ್ತಕಿಯ ಹಿಂದೆ ಬಿದ್ದಾಗ ಅವಳು ಅತ್ತು ಕೂರುವುದಿಲ್ಲ, ತಾನೂ ಸಿಂಗರಿಸಿಕೊಂಡು ಹೊಸಿಲು ದಾಟುತ್ತಾಳೆ. ಅಹಮದಾಬಾದು, ಸೂರತ್ತಿನ ವ್ಯಾಪಾರಿ ಕುಟುಂಬಗಳು ಗುರುತಿಸಬಲ್ಲ ಮನೆ ಅದು. ಚಿತ್ರ ದೊಡ್ಡ ಯಶಸ್ಸು ಕಂಡಿತು, ಮುಂದಿನ ಸಾಮಾಜಿಕ ಚಿತ್ರಗಳಿಗೆ ಅಚ್ಚೂ ಆಯಿತು. ಆದರೆ ಗುಣಸುಂದರಿ ಹೊಸಿಲು ದಾಟುವುದು ಗಂಡನನ್ನು ಮರಳಿ ತರಲು. ಅವಳಿಗೆ ಎದುರಾಳಿಯಾಗಿ ನಿಲ್ಲಿಸಿದ ನರ್ತಕಿಯೇ ಈ ಉದ್ಯಮವನ್ನು ಹೊತ್ತ ಹೆಂಗಸರ ವರ್ಗಕ್ಕೆ ಸೇರಿದವಳು. ಈ ಪಂಥದ ನೈತಿಕ ದೌರ್ಬಲ್ಯ ಇಲ್ಲಿದೆ. ಕಲಾವಂತಿಕೆಯ ಮನೆಗಳಿಂದ ಬಂದವರ ದುಡಿಮೆಯ ಮೇಲೆ ನಿಂತು, ಅಂಥವರನ್ನೇ ಸಂಸಾರ ಒಡೆಯುವವರೆಂದು ತೋರಿಸಿತು.

ಗುಬ್ಬಿ ಕಂಪನಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಫಾತ್ಮಾ ಮಾಡಿದ್ದು ಎಷ್ಟು ಭಿನ್ನವೆಂದು ತಿಳಿಯುತ್ತದೆ. ವೀರಣ್ಣನವರು ಮೂಕಿಚಿತ್ರಕ್ಕೆ ಕೈಹಾಕಿ 1931ರ ಹೊತ್ತಿಗೆ ‘ಹಿಸ್ ಲವ್ ಅಫೇರ್’ ತಯಾರಿಸಿದಾಗ ಬಿ. ಜಯಮ್ಮನವರು ನಾಯಕಿ. ಅಲ್ಲಿಯೂ ಮನೆಯೇ ಕಂಪನಿ, ಕಸುಬೇ ಬಂಧುತ್ವ. ಆದರೆ ಯಜಮಾನರು ಗಂಡ. ಸೂರತ್ತಿನ ಈ ಮನೆಯಲ್ಲಿ ಯಜಮಾನಿ ತಾಯಿ: ಬಂಡವಾಳ ಹೂಡಿದವರು, ನಿರ್ದೇಶಿಸಿದವರು, ನಟಿಸಿದವರು ಅವರೇ. ಮೂಕಿಯುಗದಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಮನೆ ಕಾಣುವುದಿಲ್ಲ.

ಚಿತ್ರಗಳೇನಾದವು? ಮೂಕಿಯುಗದಲ್ಲಿ ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು ತಯಾರಾದವು, ಉಳಿದವು ಬೆರಳೆಣಿಕೆಯಷ್ಟು. ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುವಂಥದ್ದು, ತಾನಾಗಿ ಕೊಳೆಯುವಂಥದ್ದು. ಬೆಳ್ಳಿ ತೆಗೆಯಲು ಪ್ರಿಂಟುಗಳನ್ನು ಕರಗಿಸಿದವರೂ ಇದ್ದರು. ‘ಬುಲ್‌ಬುಲ್-ಎ-ಪರಿಸ್ತಾನ್’ ಉಳಿದಿಲ್ಲ. ಆದರೆ ಎಲ್ಲವನ್ನೂ ರಾಸಾಯನಿಕದ ಮೇಲೆ ಹೊರಿಸುವುದು ನ್ಯಾಯವಲ್ಲ. ಚಿತ್ರವನ್ನು ಓಡುವಷ್ಟು ದಿನ ಓಡಿಸುವ ಸರಕೆಂದೇ ಕಂಡ ಈ ಪಂಥ ತನ್ನ ಕೆಲಸವನ್ನು ತಾನೇ ಕಾಯ್ದಿಡಲಿಲ್ಲ. ಗಣ್ಯರಿಗೂ ಸಿನಿಮಾದ ಬಗ್ಗೆ ಆದರವಿರಲಿಲ್ಲ. ರಂಗಾಚಾರಿ ನೇತೃತ್ವದ ಸಿನಿಮಾ ಸಮಿತಿ 1927ರಲ್ಲಿ ಪ್ರಶ್ನಾವಳಿ ಕಳಿಸಿದಾಗ, ಅಹಮದಾಬಾದಿನಲ್ಲಿ ಆಶ್ರಮ ಕಟ್ಟಿದ ಗಾಂಧೀಜಿ ತಾವು ಸಿನಿಮಾ ನೋಡಿಯೇ ಇಲ್ಲವೆಂದು, ಅದರಿಂದಾದ ಕೇಡು ಕಣ್ಣಿಗೆ ಕಾಣುತ್ತಿದೆಯೆಂದು ಉತ್ತರಿಸಿದರು. ನೋಡದೆ ಕೊಟ್ಟ ಆ ತೀರ್ಪು ಆ ಕಾಲದ ಸಭ್ಯ ಸಮಾಜದ್ದೂ ಹೌದು.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ತೆರೆಕಂಡಾಗ ನಾಯಕಿ ಜುಬೇದಾ. ಮೂಕಿಯ ಮಹಾತಾರೆ ಸುಲೋಚನಾ ಹಿಂದೂಸ್ತಾನಿ ಮಾತು ಕಲಿಯಲು ಒದ್ದಾಡುತ್ತಿದ್ದ ಕಾಲವದು. ಜುಬೇದಾಗೆ ಆ ತೊಡಕಿರಲಿಲ್ಲ. ತಾಯಿಯ ಉರ್ದು ರಂಗಭೂಮಿಯ ಉಚ್ಚಾರ ಮನೆಯಲ್ಲೇ ಇತ್ತು. ಮೂಕಿಯುಗ ಬಳಸದೆ ಬಿಟ್ಟಿದ್ದ ಆಸ್ತಿ ಅದು.

ಮೂರು ವರ್ಷಗಳ ಬಳಿಕ ಜುಬೇದಾ, ನಾನುಭಾಯಿ ವಕೀಲರೊಡನೆ ಮಹಾಲಕ್ಷ್ಮಿ ಎಂಬ ಕಂಪನಿ ಕಟ್ಟಿದರು. ಅದು ಪ್ರೇಮಚಂದರ ‘ಸೇವಾಸದನ’ವನ್ನು ತೆರೆಗೆ ತಂದಿತು. ಆ ಕಾದಂಬರಿಯ ಸುಮನ್ ಗಂಡನ ಮನೆಯಿಂದ ಹೊರದಬ್ಬಿಸಿಕೊಂಡು ವೇಶ್ಯೆಯರ ಬೀದಿ ಸೇರುವವಳು. ಪ್ರೇಮಚಂದರಿಗೆ ಚಿತ್ರ ಹಿಡಿಸಲಿಲ್ಲ. ಆದರೂ ‘ಗುಣಸುಂದರಿ’ ಎದುರು ಪಾಳಯದಲ್ಲಿ ನಿಲ್ಲಿಸಿದ್ದ ಹೆಣ್ಣು ಏಳೇ ವರ್ಷಗಳಲ್ಲಿ ಕಥೆಯ ನಡುಮನೆಗೆ ಬಂದಿದ್ದಳು, ಫಾತ್ಮಾ ಬೇಗಂ ಮಗಳ ಕಂಪನಿಯ ಹೆಸರಿನಲ್ಲಿ.