ಅರುಚಿಯ ಅನುಸರಣೆ: ಧಾರಾವಾಹಿಯ ಪ್ರೇಕ್ಷಕ ಮತ್ತು ರಸವಿಚಾರ

ಕಿರುತೆರೆಯ ಧಾರಾವಾಹಿಗಳನ್ನು ಕುರಿತ ಚರ್ಚೆಗಳಲ್ಲಿ ಒಂದು ಗೃಹೀತವು ಪ್ರಶ್ನೆಗೊಳಗಾಗದೆ ಉಳಿದುಬಂದಿದೆ. ಬಹುಜನರು ನೋಡುತ್ತಾರೆಂದರೆ ಅದು ಬಹುಜನರಿಗೆ ಇಷ್ಟವೆಂದೇ ಅರ್ಥ ಎಂಬುದು ಆ ಗೃಹೀತ. ಜನಪ್ರಿಯತೆಯನ್ನು ಸಮರ್ಥಿಸುವವರೂ ಜನರ ಅಭಿರುಚಿಯನ್ನು ಹಳಿಯುವವರೂ ಇದನ್ನು ಸಮಾನವಾಗಿ ಒಪ್ಪಿದ್ದಾರೆ. ಆದರೆ ಕಥೆಯನ್ನು ಸುಮ್ಮನೆ ಎಳೆಯುತ್ತಿದ್ದಾರೆಂದು ದೂರುತ್ತಲೇ ಮರುದಿನ ಅದೇ ಹೊತ್ತಿಗೆ ಕಿರುತೆರೆಯ ಮುಂದೆ ಕೂರುವ ಪ್ರೇಕ್ಷಕ ನಮಗೆಲ್ಲ ಪರಿಚಿತನೇ. ಆಸ್ವಾದವಿಲ್ಲದ ಈ ಅನುಸರಣೆಯನ್ನು ಪ್ರಾಚೀನ ಕಾವ್ಯಮೀಮಾಂಸೆಯ ನೆರವಿನಿಂದ ವಿವೇಚಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಪಂಪನ 'ಆದಿಪುರಾಣ'ದ (ಕ್ರಿ.ಶ. 941) ನೀಲಾಂಜನೆಯ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಆದಿದೇವನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆ ಈ ಬದಲಾವಣೆಯನ್ನು ಅರಿಯದೆ ನೋಡುತ್ತಲೇ ಇರುತ್ತದೆ. ಅರಿತ ಆದಿದೇವನು ವಿರಕ್ತನಾಗುತ್ತಾನೆ. 2000ದಿಂದ 2008ರವರೆಗೆ ಪ್ರಸಾರವಾಗಿ 1,800ಕ್ಕೂ ಹೆಚ್ಚು ಕಂತುಗಳನ್ನು ಕಂಡ ಹಿಂದಿಯ 'ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥೀ' ಧಾರಾವಾಹಿಯಲ್ಲಿ ಮಿಹಿರನ ಪಾತ್ರವನ್ನು ಒಬ್ಬರಾದ ಮೇಲೊಬ್ಬರಂತೆ ಮೂವರು ನಟರು ನಿರ್ವಹಿಸಿದರು. ಸತ್ತನೆಂದು ತೋರಿಸಲಾಗಿದ್ದ ಅದೇ ಮಿಹಿರನು ಬದುಕಿಬಂದದ್ದೂ ಉಂಟು. ಈ ಪ್ರೇಕ್ಷಕರು ಇಂದ್ರಸೃಷ್ಟಿಗೆ ಮರುಳಾದ ಸಭಾಸದರಲ್ಲ. ಬದಲಾವಣೆಯನ್ನು ಕಂಡರು, ಆಡಿಕೊಂಡರು, ಆದರೂ ನೋಡುವುದನ್ನು ಬಿಡಲಿಲ್ಲ. ಆದ್ದರಿಂದ ಭ್ರಾಂತಿಯೇ ಅವರನ್ನು ಹಿಡಿದಿಟ್ಟಿತೆಂಬ ವಿವರಣೆ ಸಾಲದು.

ಹಾಗಾದರೆ ಹಿಡಿದಿಟ್ಟದ್ದು ಯಾವುದು? ಪೂರ್ಣ ಪರಿಪೋಷವನ್ನು ಪಡೆದ ರಸವನ್ನು ಮತ್ತೆ ಮತ್ತೆ ಉದ್ದೀಪಿಸುವುದು ರಸವಿರೋಧಿಯೆಂದೂ, ಹಾಗೆ ಮಾಡಿದರೆ ಅದು ಮುಟ್ಟಿ ಮುಟ್ಟಿ ಬಾಡಿದ ಹೂವಿನಂತಾಗುವುದೆಂದೂ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಎಚ್ಚರಿಸಿದ್ದಾನೆ. ಮಮ್ಮಟನು ಇದನ್ನು ರಸದೋಷಗಳಲ್ಲಿ ಸೇರಿಸಿ, 'ಕುಮಾರಸಂಭವ'ದ ರತಿವಿಲಾಪವನ್ನೇ ಉದಾಹರಣೆಯಾಗಿ ಕೊಡುತ್ತಾನೆ. ಕಾಳಿದಾಸನಲ್ಲಿಯೂ ದೋಷವೆನಿಸಿದ ಈ ಪುನರುದ್ದೀಪನವೇ ದೈನಿಕ ಧಾರಾವಾಹಿಯ ರಚನಾತತ್ತ್ವವಾಗಿದೆ. ಒಂದು ಕಣ್ಣೀರಿಗೆ ಹಲವು ಕಂತುಗಳು, ಪ್ರತಿ ಕಂತಿನ ಕೊನೆಗೆ ಒಂದು ಅರ್ಧೋಕ್ತಿ. ಭಾವ ಬಾಡಿದ ಮೇಲೂ ಉಳಿಯುವುದು 'ಮುಂದೇನು' ಎಂಬ ಔತ್ಸುಕ್ಯ. ಭರತನ ಗಣನೆಯಲ್ಲಿ ಔತ್ಸುಕ್ಯವು 33 ವ್ಯಭಿಚಾರಿಭಾವಗಳಲ್ಲಿ ಒಂದು. ಸ್ಥಾಯಿಯನ್ನು ಪೋಷಿಸಿ ಮರೆಯಾಗುವುದು ಅದರ ಧರ್ಮ. ಧಾರಾವಾಹಿಯಲ್ಲಿ ಅದು ಸ್ಥಾಯಿಯ ಪೀಠವನ್ನೇರಿ ಕುಳಿತಿದೆ. ಪ್ರೇಕ್ಷಕನು ಸುಖಿಸದೆಯೂ ಬಿಡಲಾರದವನಾಗುವುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಇಷ್ಟು ವರ್ಷ ನೋಡಿದ್ದು ವ್ಯರ್ಥವಾಗಬಾರದೆಂಬ ಲೆಕ್ಕಾಚಾರ, ಮನೆಮಂದಿಯೊಡನೆ ಆಡುವ ಮಾತಿಗೆ ಒದಗುವ ವಸ್ತು, ರೂಢಿ ಇವೆಲ್ಲ ಅದಕ್ಕೆ ಒತ್ತಾಸೆಯಾಗುತ್ತವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕುಮಾರವ್ಯಾಸ ಭಾರತದ ವಾಚನವೂ ತಿಂಗಳುಗಟ್ಟಲೆ ನಡೆಯುತ್ತಿತ್ತಲ್ಲವೆ? ನಡೆಯುತ್ತಿತ್ತು; ಆದರೆ ಕೇಳುಗರಿಗೆ ಕಥೆಯ ಕೊನೆ ಮೊದಲೇ ಗೊತ್ತಿತ್ತು. ಕೀಚಕನ ಗತಿಯೇನೆಂದು ತಿಳಿಯಲು ಯಾರೂ ಬರುತ್ತಿರಲಿಲ್ಲ. ಅದನ್ನು ಕವಿ ಹೇಗೆ ಹೇಳಿದ್ದಾನೆ, ಗಮಕಿ ಹೇಗೆ ಓದುತ್ತಾನೆ ಎಂಬುದಕ್ಕಾಗಿ ಬರುತ್ತಿದ್ದರು. ಆ ದಿನದ ವಾಚನ ಆ ದಿನಕ್ಕೆ ತೃಪ್ತಿಯನ್ನು ಕೊಡುತ್ತಿತ್ತು. ನಾಟ್ಯಶಾಸ್ತ್ರವು ಹೇಳುವ ಆರಂಭದಿಂದ ಫಲಾಗಮದವರೆಗಿನ ಐದು ಅವಸ್ಥೆಗಳಲ್ಲಿ ಧಾರಾವಾಹಿಯು ಬಹುಕಾಲ ಪ್ರಾಪ್ತ್ಯಾಶೆಯಲ್ಲಿಯೇ ತಂಗುತ್ತದೆ. ಫಲಾಗಮ ಯಾವಾಗ ಎಂಬುದನ್ನು ಕಥೆಯ ಅಗತ್ಯಕ್ಕಿಂತ ಹೆಚ್ಚಾಗಿ ವಾರವಾರದ ವೀಕ್ಷಕಗಣತಿ ನಿರ್ಧರಿಸುತ್ತದೆ.

ಆ ಗಣತಿಯಾದರೋ ಆಯ್ದ ಮನೆಗಳಲ್ಲಿ ಯಾವ ವಾಹಿನಿ ಚಾಲೂ ಇತ್ತು, ಅದರ ಮುಂದೆ ಯಾರಿದ್ದರು ಎಂಬಷ್ಟನ್ನೇ ದಾಖಲಿಸುತ್ತದೆ. ಮೆಚ್ಚಿ ನೋಡಿದವನೂ ಗೊಣಗುತ್ತ ನೋಡಿದವನೂ ಅಲ್ಲಿ ಒಂದೇ. ಹೊರನಾಡಿನ ಸಂಶೋಧಕರಿಗೆ ಈ ಭೇದ ಇನ್ನಷ್ಟು ಮುಖ್ಯ. 1994ರಲ್ಲಿ ಉದಯ ವಾಹಿನಿ ಆರಂಭವಾದ ಬಳಿಕ ಮುಂಬಯಿ, ಪುಣೆಗಳ ಮನೆಗಳಲ್ಲಿಯೂ ಕನ್ನಡದ ಮಾತು ದಿನವೂ ಕೇಳುವಂತಾಯಿತು. ಕಥೆ ಹಿಡಿಸದಿದ್ದರೂ ಮಕ್ಕಳ ಕಿವಿಗೆ ಕನ್ನಡ ಬೀಳಲೆಂದು ಧಾರಾವಾಹಿಯನ್ನು ಹಾಕಿಡುವ ಮನೆಯನ್ನು ಆ ಧಾರಾವಾಹಿಯ ಅಭಿಮಾನಿಗಳ ಪಟ್ಟಿಗೆ ಸೇರಿಸುವುದು ತಪ್ಪಾಗುತ್ತದೆ. ಆ ಮನೆಯವರು ಬಯಸಿದ್ದು ಭಾಷೆಯನ್ನು. ಅದರೊಡನೆ ಕಥೆಯನ್ನೂ ಹೊರಬೇಕಾಗಿ ಬಂದಿದೆ.

ಆದಕಾರಣ 'ಏನನ್ನು ನೋಡುತ್ತೀರಿ' ಎಂದು ಕೇಳಿ ಅಲ್ಲಿಗೇ ನಿಲ್ಲುವ ಪ್ರಶ್ನಾವಳಿಗಳಿಂದ ಅಭಿರುಚಿಯ ಚರಿತ್ರೆಯನ್ನು ಬರೆಯಲಾಗದು. 'ಇದು ನಾಳೆಯೇ ಮುಗಿದರೆ ನಿಮಗೆ ಬೇಸರವೋ, ಬಿಡುಗಡೆಯೋ' ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು. ಧಾರಾವಾಹಿಯನ್ನು ನೋಡುವವರನ್ನೆಲ್ಲ ಅರಸಿಕರೆಂದು ತಳ್ಳಿಹಾಕುವ ವಿಮರ್ಶೆಯೂ ಅವರ ದೂರುಗಳಿಗೆ ಕಿವಿಗೊಡಬೇಕು. ಎಲ್ಲಿ ಎಳೆತವಿದೆ, ಎಲ್ಲಿ ಪಾತ್ರ ತನ್ನ ಸ್ವಭಾವವನ್ನು ಬಿಟ್ಟಿದೆ ಎಂದು ಆ ದೂರುಗಳು ತೋರಿಸಿಕೊಡುತ್ತವೆ. ಔಚಿತ್ಯಪ್ರಜ್ಞೆಯಿಲ್ಲದವರು ಹಾಗೆ ದೂರಲಾರರು.