ಚಕ್ಕುಬಂದಿಯಲ್ಲಿ ಕಾಣದ ಗೀಸರ್

ರಿಜಿಸ್ಟ್ರೇಷನ್‌ಗೆ ಇನ್ನು ಒಂಬತ್ತು ದಿನ ಇದೆ ಅನ್ನುವಾಗ ಮಾರಲು ಕರಾರಾಗಿದ್ದ ವಿದ್ಯಾರಣ್ಯಪುರದ ನಮ್ಮ ಮನೆಯ ಗೀಸರ್ ಸೋರತೊಡಗಿತು. ತಳದಿಂದ ಹನಿ ಹನಿಯಾಗಿ ಇಳಿದ ನೀರು ಬಿಳಿ ಟೈಲ್ಸ್ ಮೇಲೆ ತುಕ್ಕಿನ ಗೆರೆ ಎಳೆದಿತ್ತು. ಪ್ಲಂಬರ್ ಬಂದು ಕೆಳಗಿನ ಮುಚ್ಚಳ ಬಿಚ್ಚಿದ. ಹೊರಗೆ ಬಂದ ಕಾಯಿಲ್ ಮೇಲೆ ಬೋರ್ ನೀರಿನ ಸುಣ್ಣ ದಪ್ಪಗೆ ಗಟ್ಟಿಕಟ್ಟಿತ್ತು. ಟ್ಯಾಂಕಿನ ಬದಲಿಗೆ ತಾನು ಸವೆದು ಅದನ್ನು ಕಾಯಬೇಕಾದ ಮೆಗ್ನೀಸಿಯಂ ರಾಡ್ ಕರಗಿ ಬರೀ ತಂತಿ ಉಳಿದಿತ್ತು. ಹನ್ನೊಂದು ವರ್ಷದಲ್ಲಿ ನಾವು ಅದನ್ನು ಒಮ್ಮೆಯೂ ಬದಲಿಸಿರಲಿಲ್ಲ. ಕಾಯಿಲ್ ಹೋದರೆ, ಥರ್ಮೋಸ್ಟ್ಯಾಟ್ ಹೋದರೆ ಹೊಸದು ಹಾಕಬಹುದು. ಟ್ಯಾಂಕೇ ತೂತು ಬಿದ್ದರೆ ಏನೂ ಮಾಡುವಂತಿಲ್ಲ.

"ವಾಲ್ವ್ ಮುಚ್ಚಿ, ಗೋಡೆ ಒರೆಸಿಬಿಡ್ತೀನಿ ಸಾರ್. ಕೀ ಕೊಡೋ ದಿನ ಗೀಸರ್ ಆನ್ ಮಾಡಿ ಯಾರು ನೋಡ್ತಾರೆ?" ಅಂದ.

ಅವನು ಕೆಟ್ಟವನಲ್ಲ, ಊರೆಲ್ಲ ನಡೆಯುವುದನ್ನೇ ಹೇಳಿದ. ನನ್ನ ತಕರಾರು ಇರುವುದು ಆ ರೂಢಿಯ ಜೊತೆ, ಅದಕ್ಕೆ ಜಾಗ ಮಾಡಿಕೊಡುವ ನಮ್ಮ ಕರಾರುಪತ್ರದ ಜೊತೆ.

ಆ ರಾತ್ರಿ ನಮ್ಮ ಕರಾರನ್ನು ತೆಗೆದು ಓದಿದೆ. ನಾಲ್ಕೂ ದಿಕ್ಕಿನ ಚಕ್ಕುಬಂದಿ ಅಡಿ ಲೆಕ್ಕದಲ್ಲಿ ಇತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೂ ಇದ್ದವು. ಶಾಸನಗಳ ಕಾಲದಿಂದ ಬಂದ ಆ ಪಟ್ಟಿಯ ಮೇಲೆ ನನಗೆ ಗೌರವವಿದೆ. ನೆಲದಡಿಯ ನಿಧಿಯನ್ನೂ ಮುಂದೆ ಬರಬಹುದಾದ ಆದಾಯವನ್ನೂ ಹೆಸರಿಟ್ಟು ಕೊಟ್ಟವರು ಜಗಳಕ್ಕೆ ಎಡೆ ಬಿಡಬಾರದೆಂದೇ ಹಾಗೆ ಬರೆದರು. ಆದರೆ ಗೀಸರ್, ಯುಪಿಎಸ್, ಬೋರ್ ಮೋಟರ್, ಅಡುಗೆಮನೆ ಚಿಮಣಿ ಇವಕ್ಕೆಲ್ಲ ಸೇರಿ ಸಿಕ್ಕಿದ್ದು "ಫಿಟ್ಟಿಂಗ್ಸ್ ಸಮೇತ" ಎಂಬ ಎರಡು ಪದ. ಅದರ ಹಿಂದೆಯೇ "ಇದ್ದ ಸ್ಥಿತಿಯಲ್ಲಿ". ಯಾವತ್ತು ಇದ್ದ ಸ್ಥಿತಿ? ಅಡ್ವಾನ್ಸ್ ಕೊಟ್ಟ ದಿನದ್ದೋ, ಕೀ ಕೈಗೆ ಬಂದ ದಿನದ್ದೋ? ನಡುವಿನ ಎರಡು ಮೂರು ತಿಂಗಳಲ್ಲಿ ಕೆಡುವ ವಸ್ತು ಯಾರದೆಂಬ ಪ್ರಶ್ನೆಗೆ ಪತ್ರದಲ್ಲಿ ಉತ್ತರವಿಲ್ಲ.

ಕಾನೂನು ಇಷ್ಟು ಮೌನವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಂ ಮನೆಯ ಜೊತೆ ಬೀಗ, ಕೀಲಿ, ಸರಳು, ಬಾಗಿಲು, ಕಿಟಕಿ ಮತ್ತು ಕಾಯಂ ಬಳಕೆಗೆಂದು ಅಳವಡಿಸಿದ ಇತರ ವಸ್ತುಗಳೂ ಹೋಗುತ್ತವೆ ಎನ್ನುತ್ತದೆ. ಗೋಡೆಗೆ ಬೋಲ್ಟ್ ಹಾಕಿ ಪೈಪಿಗೆ ಸೇರಿಸಿದ ಗೀಸರ್ ಇದರೊಳಗೆ ಬರುತ್ತದೆಂದೇ ನನ್ನ ಓದು, ಫ್ರಿಜ್ ಬರುವುದಿಲ್ಲ. 55ನೇ ಕಲಮಿನ ಪ್ರಕಾರ ಕರಾರಾದ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ ಮಾರುವವನು ವಿವೇಕಿಯಾದ ಮಾಲೀಕನಂತೆ ಆಸ್ತಿಯನ್ನು ನೋಡಿಕೊಳ್ಳಬೇಕು. ಬಿಲ್ಡರ್‌ಗೆ ರೇರಾ ಹೊರಿಸುವ ಐದು ವರ್ಷದ ಹೊಣೆ ನಮ್ಮಂಥ ಹಳೇ ಮನೆಯ ಮಾರಾಟಕ್ಕೆ ಅನ್ವಯಿಸದು. ಹಾಗಾಗಿ ಕರಾರಿನಲ್ಲಿ ಬರೆದುಕೊಂಡದ್ದೇ ನಮಗೆ ಆಸರೆ. ಇಂಗ್ಲೆಂಡಿನಲ್ಲಿ ಮಾರುವವರು ಟಿಎ10 ಎಂಬ ಫಾರಂನಲ್ಲಿ ಏನು ಬಿಟ್ಟು ಹೋಗುತ್ತೇವೆ, ಏನು ಒಯ್ಯುತ್ತೇವೆ ಎಂದು ಒಂದೊಂದಾಗಿ ಗುರುತು ಹಾಕುತ್ತಾರೆ. ಅಷ್ಟಭೋಗ ಬರೆದ ನಾಡಿಗೆ ಅದು ಕಷ್ಟದ ಕೆಲಸವಲ್ಲ.

ಬ್ರೋಕರ್ ಬೇರೆ ಭಯ ಹಾಕಿದರು: "ಹೇಳಬೇಡಿ ಸಾರ್, ಹೇಳಿದ್ರೆ ಐವತ್ತು ಸಾವಿರ ಇಳಿಸಿ ಅಂತ ಕೂರ್ತಾರೆ." ಆ ಭಯ ಸುಳ್ಳಲ್ಲ. ಎಂಟು ಸಾವಿರದ ಗೀಸರನ್ನು ನೆಪ ಮಾಡಿಕೊಂಡು ಕೊನೇ ಗಳಿಗೆಯಲ್ಲಿ ಕತ್ತು ಹಿಡಿಯುವ ಕೊಳ್ಳುವವರಿದ್ದಾರೆ, ಅದೂ ಅನ್ಯಾಯವೇ. ಅಷ್ಟೊತ್ತಿಗೆ ಬ್ಯಾಂಕಿನ ಡಿಡಿ ತಯಾರಾಗಿರುತ್ತದೆ, ಐವತ್ತು ಲಕ್ಷ ಮುಟ್ಟಿದ ಮನೆಯಾದರೆ ಒಂದು ಪರ್ಸೆಂಟ್ ಟಿಡಿಎಸ್ ಲೆಕ್ಕ ಮುಗಿದಿರುತ್ತದೆ, ನೋಂದಣಿಯ ಕಾವೇರಿ ಪೋರ್ಟಲ್‌ನಲ್ಲಿ ದಿನ ಗೊತ್ತಾಗಿರುತ್ತದೆ. ಆಗ ಕ್ರಯದ ಮೊತ್ತ ತಿದ್ದಿದರೆ ಎಲ್ಲವೂ ಮೊದಲಿಂದ. ಕರಾರಿನ ದಿನವೇ ಒಂದು ಹಾಳೆಯಲ್ಲಿ ವಸ್ತು, ಕೊಂಡ ವರ್ಷ, ಈಗಿನ ಬೆಲೆ ಬರೆದಿದ್ದರೆ ಈ ಎಳೆದಾಟಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ಇನ್ನು ಅಗ್ಗದ್ದೊಂದನ್ನು ತಂದು ತಗುಲಿಸಿ ಕೈ ತೊಳೆದುಕೊಳ್ಳುವುದು ನನಗೆ ಮುಚ್ಚಿಡುವುದಕ್ಕಿಂತ ಸ್ವಲ್ಪವೇ ಮೇಲಿನದಾಗಿ ಕಾಣುತ್ತದೆ. ಆ ನೀರಿನಲ್ಲಿ ಇನ್ನು ಮೀಯುವವರು ಅವರು. ಯಾವುದು ಬೇಕೆಂದು ಅವರೇ ಆರಿಸಬೇಕು.

ಮಾರನೇ ಬೆಳಿಗ್ಗೆ ಮನೆ ಕೊಳ್ಳುತ್ತಿದ್ದ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಆ ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಸರಿ ಅಂಕಲ್, ಭಾನುವಾರ ಬರ್ತೀವಿ" ಅಂದ. ಹೆಂಡತಿ, ಅತ್ತೆಯವರ ಜೊತೆ ಬಂದ. ಅತ್ತೆಯವರು ನೇರ ಸಂಪಿನ ಹತ್ತಿರ ಹೋಗಿ ಮೋಟರ್ ಹಾಕಿಸಿ, ನೀರು ಬೀಳುವ ಸದ್ದು ಕೇಳುವವರೆಗೂ ಕದಲಲಿಲ್ಲ. ಮೇನ್ ಆಫ್ ಮಾಡಿ ಯುಪಿಎಸ್ ಮೇಲೆ ಫ್ಯಾನ್ ತಿರುಗಿಸಿದೆವು. ಚಿಮಣಿಯ ಮೂರನೇ ಸ್ಪೀಡ್ ಓಡುತ್ತಿಲ್ಲವೆಂದು ನನಗೂ ಅವತ್ತೇ ಗೊತ್ತಾದದ್ದು. ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಕ್ರಯದ ಮೊತ್ತ ಮುಟ್ಟಲಿಲ್ಲ; ಅವರು ಆರಿಸಿದ ಗೀಸರಿಗೆ ದುಡ್ಡು ನಾನು ಕೊಟ್ಟೆ, ಚಿಮಣಿಯನ್ನು ಅವರು ಹಾಗೇ ಒಪ್ಪಿಕೊಂಡರು.

ಕೀ ಕೊಡುವ ದಿನ ಆ ಹುಡುಗಿ ಸ್ಟೂಲ್ ಹತ್ತಿ, ಹೊಸ ಗೀಸರಿನ ಪಕ್ಕಕ್ಕೆ ಮಾರ್ಕರ್‌ನಲ್ಲಿ ತಾರೀಖು ಬರೆದಳು. ಅದರ ಕೆಳಗೆ "ರಾಡ್ ನೋಡಿಸಬೇಕು" ಎಂದು ಬರೆದು, ಎಷ್ಟು ವರ್ಷಕ್ಕೊಮ್ಮೆ ಎಂದು ಪ್ಲಂಬರ್ ಕಡೆ ತಿರುಗಿ ಕೇಳಿದಳು.